ಕಟ್‌ಆಫ್ ಪಟ್ಟಿಯಲ್ಲಿ ಕಾಣದ ಪಾಠಕ್ರಮ

ನೀಟ್ ಫಲಿತಾಂಶ ಬಂದ ಮರುದಿನದಿಂದ ನಮ್ಮ ಕಡೆ ಒಂದೇ ಮಾತು. ಎಷ್ಟು ಅಂಕ, ಯಾವ ರ‍್ಯಾಂಕ್, ಹೋದ ವರ್ಷ ಕಟ್‌ಆಫ್ ಎಲ್ಲಿಗೆ ನಿಂತಿತ್ತು? ಕೆಇಎ ಆಪ್ಷನ್ ಎಂಟ್ರಿ ತೆರೆದರೆ ಸಾಕು, ಕಾಲೇಜುಗಳ ಹೆಸರನ್ನು ಮೇಲೆ ಕೆಳಗೆ ಸರಿಸುವ ಕೆಲಸ ರಾತ್ರಿವರೆಗೂ ನಡೆಯುತ್ತದೆ. ಶುಲ್ಕ, ದೂರ, ಹಾಸ್ಟೆಲ್, ಕಟ್‌ಆಫ್ ಎಂಬ ನಾಲ್ಕು ಕಂಬಗಳ ಮೇಲೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಬದುಕು ನಿಲ್ಲುತ್ತದೆ. ಆ ಕಾಲೇಜಿನಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ಕೇಳುವವರು ಅಪರೂಪ.

ನಾನು ಬಿಇ ಓದುವವನು, ವೈದ್ಯಕೀಯ ನನ್ನ ಕ್ಷೇತ್ರವಲ್ಲ. ಆದರೆ ಚಿಕ್ಕಪ್ಪನ ಮಗಳು ನೀಟ್ ಬರೆಯುತ್ತಿದ್ದಾಳೆ. ಎಂಜಿನಿಯರಿಂಗ್ ಓದುವವನಿಗೆ ಎಕ್ಸೆಲ್ ಬರುತ್ತದೆ ಎಂಬ ನಂಬಿಕೆಯಿಂದ ಕಾಲೇಜು ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಂದೂರಿನಲ್ಲಿ ಕುಳಿತು ಆ ಪಟ್ಟಿ ಮಾಡುವಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಆಸ್ಟಿಯೋಪಥಿಕ್ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಡಿಒ ಪದವಿ ಪಡೆದವರೂ ಎಂಡಿಗಳಂತೆಯೇ ಪೂರ್ಣ ಪ್ರಮಾಣದ ವೈದ್ಯರು. ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಊರಲ್ಲಿ ಇಂಥ ಮೊದಲ ಶಾಲೆ ತೆರೆದರು. ಇಂದು ಅಲ್ಲಿನ ವಿದ್ಯಾರ್ಥಿ ಕಾಲೇಜು ಆರಿಸುವಾಗ ಕಲಿಸುವ ಶೈಲಿಯನ್ನೂ ಆರಿಸುತ್ತಾನೆ. ಪೆನ್ಸಿಲ್ವೇನಿಯಾದ ಲೇಕ್ ಈರಿ ಕಾಲೇಜಿನಲ್ಲಂತೂ ಒಂದೇ ಸಂಸ್ಥೆಯೊಳಗೆ ಬೇರೆ ಬೇರೆ ದಾರಿಗಳಿವೆ: ಉಪನ್ಯಾಸ ಕೇಳಿ ಕಲಿಯುವುದು, ಸಣ್ಣ ಗುಂಪಿನಲ್ಲಿ ಒಂದು ರೋಗಿಯ ಪ್ರಕರಣ ಇಟ್ಟುಕೊಂಡು ಚರ್ಚಿಸಿ ಕಲಿಯುವುದು, ಮಾರ್ಗದರ್ಶನದಲ್ಲಿ ಸ್ವಂತ ಓದುವುದು. ಎರಡನೆಯ ವಿಧಾನಕ್ಕೆ ಹೆಸರು ತಂದದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ, 1969ರಲ್ಲಿ.

ನಮ್ಮಲ್ಲಿ ಇಂಥ ಆಯ್ಕೆ ಕಾಗದದ ಮೇಲೆ ಇಲ್ಲ. ಕಲಬುರಗಿ ನಗರವನ್ನೇ ನೋಡಿ. ಸರ್ಕಾರಿ ಜಿಮ್ಸ್, ಕಾರ್ಮಿಕರ ವಿಮಾ ನಿಗಮದ ಇಎಸ್‌ಐಸಿ ಕಾಲೇಜು, 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯದ ಕಾಲೇಜು, ಹೀಗೆ ನಾಲ್ಕಿವೆ. ಮೊದಲ ಮೂರರ ಪರೀಕ್ಷೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು, ನಾಲ್ಕನೆಯದು ಖಾಸಗಿ ವಿಶ್ವವಿದ್ಯಾಲಯದ ಅಂಗ. ಪಠ್ಯಕ್ರಮ ಮಾತ್ರ ನಾಲ್ಕಕ್ಕೂ ಒಂದೇ. 2019ರ ಬ್ಯಾಚಿನಿಂದ ದೇಶದ ಎಲ್ಲ ಎಂಬಿಬಿಎಸ್ ಕಾಲೇಜುಗಳಿಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ.

ಇದು ಹಳೆಯದಕ್ಕಿಂತ ಹೇಗೆ ಬೇರೆ? ಮೊದಲು ವಿದ್ಯಾರ್ಥಿ ಮೊದಲ ವರ್ಷ ಪೂರ್ತಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಓದುತ್ತಿದ್ದ; ರೋಗಿಯ ಮುಖ ನೋಡುವುದು ಆಮೇಲೆ. ಒಂದು ವಿಭಾಗದವರು ಕೈಯ ಸ್ನಾಯುಗಳ ಬಗ್ಗೆ ಹೇಳುವಾಗ ಇನ್ನೊಂದು ವಿಭಾಗದವರು ರಕ್ತದ ಬಗ್ಗೆ ಹೇಳುತ್ತಿದ್ದರೆ ಯಾರಿಗೂ ಅದು ವಿಚಿತ್ರ ಅನಿಸುತ್ತಿರಲಿಲ್ಲ. ಹೊಸ ಪಠ್ಯಕ್ರಮ ಹೃದಯದ ರಚನೆಯನ್ನೂ ಅದರ ಕೆಲಸವನ್ನೂ ಒಂದೇ ಹೊತ್ತಿಗೆ ಹೇಳಿ ಎನ್ನುತ್ತದೆ. ಅಮೆರಿಕದ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1952ರಲ್ಲೇ ಹೀಗೆ ಅಂಗವ್ಯೂಹಗಳ ಪ್ರಕಾರ ಪಾಠ ಜೋಡಿಸಿತ್ತು. ನಮಗೆ ಬರಲು ಇಷ್ಟು ಕಾಲ ಹಿಡಿಯಿತು. ಈಗ ಮೊದಲ ವರ್ಷವೇ ರೋಗಿಗಳ ಪರಿಚಯ, ರೋಗಿಯೊಡನೆ ಮಾತಾಡುವ ರೀತಿ ಮತ್ತು ನೈತಿಕತೆಯ ಪಾಠ, ಮಾಡಿದ ಪ್ರತಿ ಕೌಶಲಕ್ಕೂ ಲಾಗ್‌ಬುಕ್ಕಿನಲ್ಲಿ ಸಹಿ, ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವರ ಆರೋಗ್ಯ ಗಮನಿಸುವ ಕಾರ್ಯಕ್ರಮ ಎಲ್ಲವೂ ಇವೆ.

ಹಾಗಾದರೆ ಎಲ್ಲ ಕಾಲೇಜೂ ಒಂದೇ ಎನ್ನಬಹುದೇ? ಇಲ್ಲಿ ನಮ್ಮ ಎಂಜಿನಿಯರಿಂಗ್ ಅನುಭವ ಸಹಾಯಕ್ಕೆ ಬರುತ್ತದೆ. ವಿಟಿಯು 2018ರ ಸ್ಕೀಮಿನಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 40, ಸೆಮಿಸ್ಟರ್ ಪರೀಕ್ಷೆಗೆ 60 ಅಂಕ ಇತ್ತು. ಆಮೇಲಿನ 2021, 2022ರ ಸ್ಕೀಮುಗಳಲ್ಲಿ ಅದು 50-50 ಆಯಿತು. ಉದ್ದೇಶ ಒಳ್ಳೆಯದೇ, ವರ್ಷವಿಡೀ ಓದಲಿ ಎಂದು. ಆದರೆ ಅರ್ಧ ಅಂಕ ಕಾಲೇಜಿನ ಕೈಗೆ ಬಂದ ಮೇಲೆ ಒಂದು ಕಡೆ ಅಸೈನ್‌ಮೆಂಟ್ ಎಂದರೆ ನಿಜವಾದ ಪ್ರಾಜೆಕ್ಟ್, ಇನ್ನೊಂದು ಕಡೆ ಸೀನಿಯರ್ ಬರೆದದ್ದರ ನಕಲು. ಒಂದೇ ಸಿಲಬಸ್, ಎರಡು ವಿದ್ಯೆ. ಲಾಗ್‌ಬುಕ್ಕಿನ ಕಥೆಯೂ ಅಷ್ಟೇ ಆಗಬಹುದು. ಕೌಶಲ ಮಾಡಿದ ದಿನವೇ ಸಹಿಯೋ, ವರ್ಷದ ಕೊನೆಗೆ ಒಟ್ಟಿಗೆ ಸಹಿಯೋ? ಕಾಲೇಜಿನ ಪಾಠದ ಶೈಲಿ ಗೊತ್ತಾಗಲು ಈ ಒಂದು ಪ್ರಶ್ನೆ ಬ್ರೋಷರ್‌ಗಿಂತ ಹೆಚ್ಚು ಉಪಯೋಗ ಎಂದು ನನ್ನ ಅಭಿಪ್ರಾಯ.

ನಮ್ಮ ಭಾಗದವರಿಗೆ ಇದರಲ್ಲಿ ಇನ್ನೊಂದು ಲೆಕ್ಕವಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ದೊಡ್ಡ ಹಾಲ್‌ನ ಉಪನ್ಯಾಸ ಒಂದು ರೀತಿಯಲ್ಲಿ ಆಸರೆ. ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಂಡು, ರಾತ್ರಿ ನಿಘಂಟು ಹಿಡಿದು ಓದಬಹುದು. ಹತ್ತು ಜನರ ಗುಂಪು ಚರ್ಚೆಯಲ್ಲಿ ಅಡಗಲು ಜಾಗವಿಲ್ಲ, ಇಂಗ್ಲಿಷ್ ಬಾಯಿ ತೆರೆಯಲೇಬೇಕು. ಅದಕ್ಕೇ ಚರ್ಚೆಯ ಶೈಲಿ ನಗರದ ಮಕ್ಕಳಿಗೆ ಮಾತ್ರ ಅನುಕೂಲ ಎಂದು ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಚರ್ಚೆ ವಾರ್ಡಿಗೆ ಹೋದ ಕೂಡಲೇ ಆಟ ತಿರುಗುತ್ತದೆ. ಆಳಂದ, ಅಫಜಲಪುರ, ಚಿಂಚೋಳಿಯಿಂದ ಬರುವ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲ. ಆತನದು ನಮ್ಮ ಕಡೆಯ ಕನ್ನಡ, ಇಲ್ಲವೇ ದಖನಿ ಉರ್ದು, ಲಂಬಾಣಿ, ತೆಲುಗು. ‘ಹೊಟ್ಟ್ಯಾಗ ಸಂಕಟ ಆಗ್ತದ್ರಿ’ ಎಂದರೆ ಉರಿಯೋ, ನೋವೋ, ವಾಕರಿಕೆಯೋ ಎಂದು ಬಿಡಿಸಿ ಕೇಳುವುದು ಇಲ್ಲಿ ಬೆಳೆದವರಿಗೆ ಸುಲಭ. ಮೊದಲ ವರ್ಷದಿಂದಲೇ ರೋಗಿಯ ಬಳಿ ಕರೆದೊಯ್ಯುವ ಕಾಲೇಜು ಹಳ್ಳಿಯ ವಿದ್ಯಾರ್ಥಿಗೆ ಮೊದಲ ವರ್ಷವೇ ಒಂದು ಬಲ ಕೊಡುತ್ತದೆ. ಎಂಬಿಬಿಎಸ್ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಭಾಷಾ ಕೌಶಲವೂ ಸೇರಿದೆ. ಅದು ನಿಜಕ್ಕೂ ನಡೆಯುತ್ತದೆಯೇ ಎಂದೂ ವಿಚಾರಿಸಬೇಕು.

371(ಜೆ) ನಮಗೆ ಕೊಟ್ಟಿರುವುದು ಇದೇ ಆಯ್ಕೆಯ ಅವಕಾಶ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಮೀಸಲು. ಶೇ 8ರಲ್ಲಿ ಬೆಂಗಳೂರು ಸಿಕ್ಕರೆ ಕಣ್ಣು ಮುಚ್ಚಿ ಹೋಗುವುದು ರೂಢಿ. ಹೆಸರು ದೊಡ್ಡದು, ಹೌದು. ಆದರೆ ಹೆಸರಾಂತ ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಸುತ್ತ ಸ್ನಾತಕೋತ್ತರದವರು, ಇಂಟರ್ನ್‌ಗಳು ಎಲ್ಲರೂ ನಿಂತರೆ ಎರಡನೇ ವರ್ಷದ ಹುಡುಗಿಗೆ ಸ್ಟೆತಸ್ಕೋಪ್ ಇಡಲು ಸರದಿ ಬರುವುದು ಯಾವಾಗ? ಅದೂ ಕೇಳಬೇಕಾದ್ದೇ.

ಇನ್ನೊಂದು ಮಾತು, ಪಾಠಕ್ರಮಕ್ಕೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕು. ಇಎಸ್‌ಐಸಿ ಕಾಲೇಜುಗಳಲ್ಲಿ ವಿಮೆಗೆ ಒಳಪಟ್ಟ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರು ಈ ವಿಮೆಯ ವ್ಯಾಪ್ತಿಗೆ ಬರುತ್ತಾರೆ. ಬೇಳೆ ಮಿಲ್ಲಿನಲ್ಲೋ ಕಾರ್ಖಾನೆಯಲ್ಲೋ ದುಡಿಯುವ ಅಪ್ಪ-ಅವ್ವಂದಿರ ಸಂಬಳದಿಂದ ಇಎಸ್‌ಐ ಹಣ ಕಡಿತವಾಗುತ್ತಿದ್ದರೆ, ಆ ಕೋಟಾಕ್ಕೆ ಬೇಕಾದ ಪ್ರಮಾಣಪತ್ರ ಯಾವಾಗ, ಹೇಗೆ ಪಡೆಯಬೇಕೆಂದು ನೀಟ್ ಬರೆಯುವ ಮೊದಲೇ ತಿಳಿದುಕೊಳ್ಳಿ. ನೂರಾರು ಕಿಲೋಮೀಟರ್ ದೂರದವರಿಗೆ ಗೊತ್ತಿರುವ ಈ ಕೋಟಾ ಪಕ್ಕದ ಓಣಿಯವರಿಗೆ ಗೊತ್ತಿರುವುದಿಲ್ಲ.

ಕೆಇಎ ಅಣಕು ಹಂಚಿಕೆ ಪ್ರಕಟಿಸಿದ ಮೇಲೆ ಆಯ್ಕೆಗಳನ್ನು ಬದಲಿಸಲು ಒಂದಿಷ್ಟು ದಿನ ಕೊಡುತ್ತದೆ. ಹೆಚ್ಚಿನವರು ಆ ದಿನಗಳನ್ನು ಯೂಟ್ಯೂಬಿನಲ್ಲಿ ಕಟ್‌ಆಫ್ ಭವಿಷ್ಯ ಕೇಳುತ್ತ ಕಳೆಯುತ್ತಾರೆ. ಬದಲಿಗೆ ಕಾಲೇಜಿನ ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ಎರಡನೇ ವರ್ಷದವರನ್ನು ಹಿಡಿದು ಕೇಳಿ: ಮೊದಲ ರೋಗಿಯನ್ನು ಯಾವ ತಿಂಗಳಲ್ಲಿ ನೋಡಿದಿರಿ? ಗುಂಪಿನಲ್ಲಿ ಎಷ್ಟು ಜನ? ಲಾಗ್‌ಬುಕ್ಕಿಗೆ ಸಹಿ ಯಾವಾಗ? ದತ್ತು ಪಡೆದ ಕುಟುಂಬದ ಮನೆಗೆ ಎಷ್ಟು ಸಲ ಹೋಗಿದ್ದೀರಿ? ಕಲಬುರಗಿಯ ನಾಲ್ಕೂ ಕಾಲೇಜುಗಳನ್ನು ಸಿಟಿ ಬಸ್ಸಿನಲ್ಲಿ ಒಂದೇ ದಿನದಲ್ಲಿ ಸುತ್ತಬಹುದು, ಮಧ್ಯಾಹ್ನದ ಬಿಸಿಲಿಗೆ ಟೋಪಿ ಇದ್ದರೆ ಸಾಕು.