ಮನೆಯ ಮೂಲೆಯ ಕೋವಿ



2025ರ ಆಗಸ್ಟ್ 27ರಂದು ಅಮೆರಿಕದ ಮಿನಿಯಾಪೊಲಿಸ್ ನಗರದ ಅನನ್ಸಿಯೇಷನ್ ಚರ್ಚಿನಲ್ಲಿ ಶಾಲೆಯ ಮಕ್ಕಳು ಬಲಿಪೂಜೆಯಲ್ಲಿದ್ದರು. ಹೊರಗಿನಿಂದ ಕಿಟಕಿಗಳ ಮೂಲಕ ಗುಂಡುಗಳು ತೂರಿಬಂದವು. ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು ಕುಳಿತಲ್ಲೇ ಪ್ರಾಣಬಿಟ್ಟರು. ಆ ಬಂದೂಕುಗಳನ್ನು ಕಾನೂನಿನ ಪ್ರಕಾರವೇ ಕೊಂಡಿದ್ದರು! ಮುಂದಿನ ಭಾನುವಾರ ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಆ ಮಕ್ಕಳಿಗಾಗಿ ಪ್ರಾರ್ಥಿಸಿ, ಲೋಕಕ್ಕೆ ಅಂಟಿರುವ ಆಯುಧಗಳ ಪಿಡುಗು ನಿಲ್ಲಲೆಂದು ದೇವರಲ್ಲಿ ಬೇಡಿದರು.

ಅಲ್ಲಿ ಮತ್ತೆ ಅದೇ ಹಳೆಯ ವಾದ. 1791ರ ಸಂವಿಧಾನ ತಿದ್ದುಪಡಿಯಂತೆ ಆಯುಧ ಹೊಂದುವುದು ಪ್ರಜೆಯ ಹಕ್ಕು. ಶಿಕ್ಷಕರ ಕೈಗೂ ಬಂದೂಕು ಕೊಡಿ, ಶಾಲೆ ಸುರಕ್ಷಿತವಾಗುತ್ತದೆ ಎನ್ನುತ್ತಾರೆ ಕೆಲವರು. ಬಂದೂಕು ಸುಲಭವಾಗಿ ಸಿಗದಂತೆ ಮಾಡಿ ಎನ್ನುತ್ತಾರೆ ಇನ್ನು ಕೆಲವರು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡೆ ಶಾಲೆಗೆ ಮುನ್ನೂರಕ್ಕೂ ಹೆಚ್ಚು ಪೊಲೀಸರು, ಅಧಿಕಾರಿಗಳು ಬಂದು ಸೇರಿದ್ದರು. ಆದರೂ 19 ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಉಳಿಯಲಿಲ್ಲ.

"ಅದು ಅಮೆರಿಕದ ತಲೆನೋವು, ನಮಗೇನು?" ಎಂದು ನೀವು ಕೇಳಬಹುದು. ನಿಜ, ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ. 1959ರ ಆಯುಧ ಕಾಯ್ದೆಯಂತೆ ಲೈಸೆನ್ಸ್ ಬೇಕು, 21 ವರ್ಷ ತುಂಬಿರಬೇಕು. ಆದರೂ 2007ರ ಡಿಸೆಂಬರಿನಲ್ಲಿ ದೆಹಲಿ ಸಮೀಪದ ಗುರ್ಗಾಂವಿನ ಶಾಲೆಯೊಂದರಲ್ಲಿ ಎಂಟನೇ ತರಗತಿಯ ಇಬ್ಬರು ಹುಡುಗರು 14 ವರ್ಷದ ಸಹಪಾಠಿಯನ್ನು ಗುಂಡಿಟ್ಟು ಕೊಂದರು. ಪಿಸ್ತೂಲು ಒಬ್ಬ ಹುಡುಗನ ತಂದೆಯದು. 2024ರ ಜುಲೈ 31ರಂದು ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ಐದು ವರ್ಷದ ಮಗು ಶಾಲೆಯ ಬ್ಯಾಗಿನಲ್ಲಿ ಪಿಸ್ತೂಲು ತಂದು ಹತ್ತು ವರ್ಷದ ಹುಡುಗನ ಕೈಗೆ ಹೊಡೆಯಿತು!

ಅಮೆರಿಕದ ಸೀಕ್ರೆಟ್ ಸರ್ವಿಸ್ 41 ಶಾಲಾ ದಾಳಿಗಳನ್ನು ಪರಿಶೀಲಿಸಿ 2019ರಲ್ಲಿ ವರದಿ ಕೊಟ್ಟಿತು. ಬಂದೂಕು ಬಳಸಿದ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಭಾಗದವರಿಗೆ ಅದು ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ನೆಂಟರ ಮನೆಯಲ್ಲಿ. ದಾಳಿ ಮಾಡಿದವರಲ್ಲಿ ಬಹುಪಾಲು ಮಕ್ಕಳು ಸಹಪಾಠಿಗಳ ಕೀಟಲೆಗೆ, ಅವಮಾನಕ್ಕೆ ಗುರಿಯಾಗಿದ್ದವರು. ಅಂದರೆ ಶಾಲೆಯ ಸುರಕ್ಷೆ ಶಾಲೆಯ ಗೇಟಿನಲ್ಲಿ ಅಲ್ಲ, ನಮ್ಮ ಮನೆಯಲ್ಲಿ ಶುರುವಾಗುತ್ತದೆ.

ಈಗ ನಮ್ಮ ಸೇಲಂ, ಧರ್ಮಪುರಿ ಜಿಲ್ಲೆಗಳ ಕಡೆ ನೋಡೋಣ. ಬಂದೂಕಿನ ಭಯ ಎಂಥದ್ದೆಂದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ವೀರಪ್ಪನ್ 2004ರ ಅಕ್ಟೋಬರ್ 18ರಂದು ಪಾಪ್ಪಾರಪಟ್ಟಿಯ ಹತ್ತಿರ ಸಾಯುವವರೆಗೂ ಕಾವೇರಿಯ ಎರಡೂ ದಡದ ಹಳ್ಳಿಗಳು ಆ ಭಯದಲ್ಲೇ ಬದುಕಿದವು. ಆದರೆ ಲೈಸೆನ್ಸ್ ಇಲ್ಲದ ನಾಡಕೋವಿಗಳು ನಮ್ಮ ಬೆಟ್ಟದೂರುಗಳಲ್ಲಿ ಇಂದಿಗೂ ಇವೆ. ತಂದು ಒಪ್ಪಿಸಿ, ಮೊಕದ್ದಮೆ ಹಾಕುವುದಿಲ್ಲ ಎಂದು ಪೊಲೀಸರು ಗಡುವು ಕೊಟ್ಟು ಕರೆದದ್ದೂ ಉಂಟು.

ಕೋವಿ ಇಟ್ಟವರೆಲ್ಲ ಕೆಟ್ಟವರಲ್ಲ. ರಾಗಿ, ಕಡಲೆಕಾಯಿ ಬೆಳೆದವನಿಗೆ ಕಾಡುಹಂದಿಯ ಕಾಟ ಎಷ್ಟೆಂದು ಗೊತ್ತು. 2025ರ ಜನವರಿಯಲ್ಲಿ ತಮಿಳುನಾಡು ಸರಕಾರ, ಮೀಸಲು ಅರಣ್ಯದಿಂದ ಮೂರು ಕಿಲೋಮೀಟರ್ ಆಚೆ ಬರುವ ಹಂದಿಗಳನ್ನು ಅರಣ್ಯ ಸಿಬ್ಬಂದಿಯೇ ಗುಂಡಿಟ್ಟು ಕೊಲ್ಲಬಹುದೆಂದು ತೀರ್ಮಾನಿಸಿತು. ಕಾಡಂಚಿನ ರೈತನಿಗೆ ಆ ಅನುಕೂಲ ಇಲ್ಲ. ಅವನ ಕಷ್ಟವನ್ನು ಗ್ರಾಮಸಭೆಯಲ್ಲಿ, ಕಲೆಕ್ಟರ್ ಕಚೇರಿಯ ರೈತರ ಕುಂದುಕೊರತೆ ಸಭೆಯಲ್ಲಿ ನಾವೆಲ್ಲ ಸೇರಿ ಕೇಳಬೇಕು. ಆದರೆ ಹಂದಿಗೆಂದು ಮದ್ದು ತುಂಬಿಟ್ಟ ಕೋವಿಗೆ ಹಂದಿ ಯಾವುದು, ಮಗು ಯಾವುದು ಎಂಬುದು ತಿಳಿಯದಲ್ಲ!

ಗೆತ್ಸೆಮನೆ ತೋಪಿನಲ್ಲಿ ಪೇತ್ರನೂ ಕತ್ತಿ ಹಿರಿದದ್ದು ರಕ್ಷಣೆಗೆಂದೇ. ಗಾಯವಾದದ್ದು ಒಬ್ಬ ಆಳಿಗೆ. ಪ್ರಭು ಆ ಕತ್ತಿಯನ್ನು ಒರೆಗೆ ಹಾಕಿಸಿದರು.

ಆದ್ದರಿಂದ ತಂದೆತಾಯಿಗಳೇ, ಮನೆಯಲ್ಲಿ ಲೈಸೆನ್ಸ್ ಇಲ್ಲದ ಕೋವಿ ಇದ್ದರೆ ಊರ ಹಿರಿಯರೊಡನೆ ಹೋಗಿ ಒಪ್ಪಿಸಿಬಿಡಿ. ಲೈಸೆನ್ಸ್ ಇದ್ದರೆ ಗುಂಡು ತೆಗೆದು ಬೀಗ ಹಾಕಿ, ಬೀಗದ ಕೈ ಮಕ್ಕಳಿಗೆ ಸಿಗದಂತೆ ಇಡಿ. ಮಗ ಶಾಲೆಯಿಂದ ಮುಖ ಸಪ್ಪೆ ಮಾಡಿಕೊಂಡು ಬಂದರೆ ಮಾರ್ಕಿನ ವಿಚಾರ ಆಮೇಲೆ ಇರಲಿ. "ಯಾರಾದರೂ ಏನಾದರೂ ಅಂದರಾ ಮಗಾ?" ಎಂದು ಪಕ್ಕದಲ್ಲಿ ಕೂತು ಕೇಳಿ.