ಮಂಡೆಬಿಸಿಯನ್ನು ನುಂಗಿದ ಟೆನ್ಷನ್

2022ರ ಮಳೆಗಾಲ. ನೆಮ್ಮಾರಿನ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ದನಿ ಯಾಕೋ ಸಪ್ಪೆ ಇತ್ತು. ‘ಹುಷಾರಿದೀರಲ್ಲ?’ ಅಂದೆ. ‘ಎಂತೂ ಇಲ್ಲ ಮಾರಾಯ, ಸ್ವಲ್ಪ ಟೆನ್ಷನ್ ಅಷ್ಟೆ’ ಅಂದರು. ‘ಟೆನ್ಷನ್ ಮಾಡ್ಕೋಬೇಡಿ ಚಿಕ್ಕಪ್ಪ’ ಅಂತ ಹೇಳಿ ಫೋನಿಟ್ಟೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಾನೂ ಟೆನ್ಷನ್ನಿನಲ್ಲೇ ಇದ್ದೆ ನೋಡಿ! ಶೃಂಗೇರಿ, ಕೊಪ್ಪದ ಕಡೆಯೆಲ್ಲ ಹಬ್ಬಿದ್ದ ಎಲೆಚುಕ್ಕೆ ರೋಗ ನಮ್ಮ ತೋಟಕ್ಕೂ ಬಂದು ಅಡಿಕೆ ಮರದ ಸೋಗೆ ಒಣಗ್ತಿದೆ ಅನ್ನೋದು ತಿಂಗಳಾದ ಮೇಲೆ ಚಿಕ್ಕಮ್ಮನಿಂದ ಗೊತ್ತಾಯ್ತು.

ಅವತ್ತಿನಿಂದ ಈ ಪದದ ಮೇಲೆ ನನಗೆ ಸಿಟ್ಟು. ಚಿಕ್ಕಪ್ಪ ‘ಮಂಡೆಬಿಸಿ’ ಅಂದಿದ್ದರೆ ‘ಎಂತಕ್ಕೆ?’ ಅಂತ ಬಾಯಿಗೆ ತಾನಾಗೇ ಬರ್ತಿತ್ತು. ಬಗೆಹರಿಯದ ಚಿಂತೆಗೆ ಮಂಡೆಬಿಸಿ. ಮುಗಿಯದ ಸಿಕ್ಕುಸಿಕ್ಕು ಕೆಲಸಕ್ಕೆ ರೇಜಿಗೆ. ಒಂದೇ ಗಲಾಟೆ ಕೇಳೀ ಕೇಳೀ ತಲೆ ಚಿಟ್ಟು ಹಿಡಿಯತ್ತೆ. ತಡೆದೂ ತಡೆದೂ ಕೊನೆಗೆ ರೋಸಿಹೋಗತ್ತೆ. ಈಗ ಎಲ್ಲದಕ್ಕೂ ಟೆನ್ಷನ್. ಪರೀಕ್ಷೆಗೂ ಅದೇ, ಸಾಲಕ್ಕೂ ಅದೇ, ಗ್ಯಾಸ್ ಸಿಲಿಂಡರ್ ಬರದಿದ್ದರೂ ಅದೇ.

‘ಇಂಗ್ಲಿಷ್ ಪದ ಬಂದರೇನೀಗ?’ ಅಂತ ಗೆಳೆಯನೊಬ್ಬನ ತಕರಾರು. ಅಯ್ಯಾ, ನಾನೇನು ಮಡಿ ಉಟ್ಟು ಕೂತಿಲ್ಲ. ಬೇಜಾರು ಪಾರಸಿಯಿಂದ ಬಂದದ್ದು, ಹೈರಾಣ ಅರಬ್ಬಿ ಮೂಲದ್ದು. ತಾಪತ್ರಯ ಅಂದರೆ ಸಂಸ್ಕೃತದಲ್ಲಿ ಮೂರು ತಾಪಗಳು: ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ. ನಮ್ಮವರು ಅದನ್ನ ದುಡ್ಡಿನ ತಾಪತ್ರಯ ಮಾಡಿಕೊಂಡರು! ಬಂದವು ಒಂದೊಂದು ಮೂಲೆ ಹಿಡಿದು ಕೂತವು, ಯಾರನ್ನೂ ಎಬ್ಬಿಸಲಿಲ್ಲ. ಟೆನ್ಷನ್ ಮಾತ್ರ ಇಡೀ ಜಗಲಿಗೆ ಚಾಪೆ ಹಾಸಿದೆ. ಹಾಗಂತ ಪೇಪರಿನವರ ‘ಮಾನಸಿಕ ಒತ್ತಡ’ದಿಂದ ಎಂತ ಸುಖ? ಅಡುಗೆಮನೆಯಲ್ಲಿ ಯಾರಾದರೂ ಹಾಗೆ ಹೇಳಿದ್ದು ಕೇಳಿದ್ದೀರಾ?

ಹಾಂಗ್‌ಕಾಂಗಿನ ಕ್ಯಾಂಟನೀಸರು ಸಿಟ್ಟು ನೆತ್ತಿಗೇರಿದಾಗ ‘ಫೊ ಗ್ವನ್’ ಅಂತಾರಂತೆ. ಬೆಂಕಿ ಕುದೀತಿದೆ ಅಂತ. ನೂರೈವತ್ತು ವರ್ಷಕ್ಕೂ ಮೇಲೆ ಇಂಗ್ಲಿಷರ ಆಳ್ವಿಕೆಯಲ್ಲಿದ್ದೂ ಅವರ ಬೆಂಕಿ ಆರಿಲ್ಲ. ನಮ್ಮ ಮಂಡೆ ಮಾತ್ರ ಇಷ್ಟು ಬೇಗ ತಣ್ಣಗಾಯ್ತಾ?

ಈಗ ಚಿಕ್ಕಪ್ಪ ಟೆನ್ಷನ್ ಅಂದ ಕೂಡಲೇ ‘ಟೆನ್ಷನ್ ಅಂದ್ರೆ ಎಂತದು, ರೇಜಿಗೆಯಾ ಮಂಡೆಬಿಸಿಯಾ?’ ಅಂತ ಕೇಳ್ತೀನಿ. ಹೋದ ಸಲ ನಕ್ಕುಬಿಟ್ಟರು. ‘ಕೊನೆ ತೆಗೆಯೋಕೆ ಜನ ಸಿಗ್ತಿಲ್ಲ ಮಾರಾಯ, ಸಾಕೋಸಾಕಾಯ್ತು...’ ಅಂತ ಶುರು ಮಾಡಿದವರು ಅರ್ಧ ಗಂಟೆ ಮಾತಾಡಿದರು.

ನಿಮ್ಮೂರ ಕಡೆ ಎಂತ ಅಂತಾರೆ, ಹೇಳಿ ಮಾರಾಯ್ರೆ.