ಹೊರಗಿನ ಅಡುಗೆಕಟ್ಟೆಗೂ ಗಾಳಿ ಬೇಕು
ಕಡಹಿನಬೈಲಿನಂಥ ಮಲೆನಾಡಿನ ಊರುಗಳಿಗೆ ಹೊರಗಿನ ಒಲೆ ಹೊಸದಲ್ಲ. ಅಡಿಕೆ ಬೇಯಿಸುವ ಹಂಡೆಗೆ ಅಂಗಳದ ಬದಿಯಲ್ಲೇ ಉರಿ ಹಾಕುತ್ತಾರೆ. ಈಗ ಕಾಲಿನ ಮೇಲೆ ನಿಲ್ಲುವ ಗ್ಯಾಸ್ ಗ್ರಿಲ್ಲನ್ನು ಜಂಬಿಟ್ಟಿಗೆಯ ಕಟ್ಟೆಯಲ್ಲಿ ಕೂರಿಸಿ ಹಿತ್ತಲಲ್ಲೇ ಅಡುಗೆಮನೆ ಮಾಡಿಕೊಳ್ಳುವ ಆಸೆಯೂ ಒಳ್ಳೆಯದೇ. ಜಂಬಿಟ್ಟಿಗೆ ಬೆಂಕಿ ಹಿಡಿಯುವುದಿಲ್ಲ, ಕಟ್ಟುವ ಕೈಗಳೂ ಇಲ್ಲಿವೆ. ಆದರೆ ಸೌದೆಯ ಹೊಗೆ ಮೇಲೇರುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲ ಹಿಡಿಯುತ್ತದೆ. 14.2 ಕಿಲೋ ಸಿಲಿಂಡರನ್ನು ಕಟ್ಟೆಯಡಿ ಇಟ್ಟು ಬಾಗಿಲು ಮುಚ್ಚಿದರೆ ಆ ಅನಿಲ ಅಲ್ಲೇ ತುಂಬಿಕೊಂಡು ಒಂದು ಕಿಡಿಗೆ ಸ್ಫೋಟಿಸಬಹುದು. ಬಯಲಲ್ಲಿದೆಯಲ್ಲ, ಗಾಳಿಗೇನು ಕೊರತೆ ಎನ್ನುವವರಿದ್ದಾರೆ. ಬಯಲಿರುವುದು ಕಟ್ಟೆಯ ಹೊರಗೆ, ಒಳಗಲ್ಲ. ಆದ್ದರಿಂದ ಎದುರುಬದುರು ಗೋಡೆಗಳಲ್ಲಿ ನೆಲಮಟ್ಟಕ್ಕೇ ಕಿಂಡಿ ಬಿಡಬೇಕು. ಕಿಂಡಿಯಿಂದ ಮಳೆಯ ಎರಚಲು ಬರುತ್ತದೆ, ಇಲಿ ನುಗ್ಗಿ ರಬ್ಬರ್ ಪೈಪು ಕಡಿಯುತ್ತದೆ ಎಂಬ ಆತಂಕ ನಿಜವೇ. ಎರಚಲಿಗೆ ಸೂರನ್ನು ಮುಂದಕ್ಕೆ ಚಾಚಿ, ಇಲಿಗೆ ಗಟ್ಟಿ ತಂತಿಜಾಲರಿ ಹಾಕಿ. ಕಿಂಡಿಯನ್ನೇ ಮುಚ್ಚುವುದು ಪರಿಹಾರವಲ್ಲ. ಕಿಂಡಿಯಷ್ಟೇ ಸಾಲದು, ಎಲ್ಲ ಗ್ರಿಲ್ಲುಗಳೂ ಕಟ್ಟೆಯೊಳಗಿನ ಕಾವು ತಾಳುವುದಿಲ್ಲ. ಕೈಪಿಡಿ ಒಪ್ಪದಿದ್ದರೆ ಕೂರಿಸಲೇಬೇಡಿ. ಒಪ್ಪಿದರೆ, ಗಾರೆ ಕಲಸುವ ಮೊದಲೇ ಕಿಂಡಿಯ ಜಾಗ ಗುರುತಿಸಿಕೊಳ್ಳಿ.